ಯಾರನ್ನು ಎಲ್ಲಿ ಕೂರಿಸಲಿ?

ಏಳನೇ ತರಗತಿಯ ಆಸನ ಪಟ್ಟಿಯನ್ನು ಗೋಡೆಗೆ ಅಂಟಿಸಿ ಗೋಂದು ಆರುವ ಮುನ್ನವೇ ಪೋಷಕರೊಬ್ಬರ ಫೋನ್: "ಮೇಡಂ, ನಮ್ಮ ಮಗನನ್ನು ಮೊದಲ ಬೆಂಚಿನಲ್ಲೇ ಕೂರಿಸಿ." ಸಾಲಿಗೆ ಮೊದಲ ಬೆಂಚು ಇರುವುದೇ ಒಂದು! ಅಲ್ಲಿ ಕನ್ನಡಕದವರನ್ನು ಕೂರಿಸಲೇ, ಕುಳ್ಳಗಿರುವವರನ್ನೇ, ಕಿವಿ ಮಂದವಿರುವ ಹುಡುಗಿಯನ್ನೇ?

ಎತ್ತರದ ಹುಡುಗನಿಗೆ ಹಿಂದೆ ಕುಳಿತರೆ ಬೋರ್ಡು ಮಂಜು ಮಂಜು. ಮುಂದೆ ತಂದರೆ ಅವನ ಹಿಂದಿನ ಮೂವರಿಗೆ ಏನೂ ಕಾಣುವುದಿಲ್ಲ. ಕಿಟಕಿ ಪಕ್ಕದವರಿಗೆ ಬಿಸಿಲು ಬಡಿದು ಬೋರ್ಡಿನ ಅರ್ಧ ಭಾಗ ಬರೀ ಹೊಳಪು. ಜಗಳವಾಡಿದ ಗೆಳತಿಯರನ್ನು ದೂರ ಕೂರಿಸಿ ಇಡೀ ಪಟ್ಟಿ ತಿದ್ದಿದೆ. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಇಬ್ಬರೂ ರಾಜಿಯಾಗಿ, ಒಟ್ಟಿಗೆ ಕೂರಿಸಿ ಎಂದು ಅಳುತ್ತಾ ನಿಂತರು! ಮತ್ತೆ ರಬ್ಬರು, ಮತ್ತೆ ಪೆನ್ಸಿಲು.

ಹಿರಿಯ ಪ್ರಾಥಮಿಕದಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನನ್ನ ಕೋಣೆಯಲ್ಲಿ ಇಬ್ಬರ ಬೆಂಚಿಗೆ ಮೂವರು. ಅಂಚಿನವನ ಒಂದು ಕಾಲು ಓಡಾಡುವ ದಾರಿಯಲ್ಲಿ, ನೋಟ್‌ಬುಕ್ಕು ತೊಡೆಯ ಮೇಲೆ, ಮೊಣಕೈ ಗಾಳಿಯಲ್ಲಿ. ಹಾಗೆ ಕುಳಿತು ಬರೆಯುವ ಮಗುವಿನ ಅಕ್ಷರ ಸೊಟ್ಟಗಿದೆ ಎಂದು ನಾನು ಯಾವ ಬಾಯಿಂದ ಗದರಲಿ?