ಹೆಣದ ಕಣ್ಣಲ್ಲಿ ನೀರು

ನಾಟಕ ಓದುವವರಿಗೆ ಕಾಯಿಲೆ ಬರಬಾರದು. ಬಂದರೂ ಬಾಯಿ ಬಿಟ್ಟು ಹೇಳಬಾರದು. ಯಾರೂ ನಂಬುವುದಿಲ್ಲ.

ಕಾಮರ್ಸ್ ಓದುವ ಹುಡುಗಿ ತಲೆ ಹಿಡಿದುಕೊಂಡು ಕೂತರೆ ಸಾಕು, ನಾಲ್ಕು ಜನ ಬ್ಯಾಗಿನಲ್ಲಿ ಮಾತ್ರೆ ಹುಡುಕುತ್ತಾರೆ. ನಾನು ಕೂತರೆ ಅದೇ ನಾಲ್ಕು ಜನ ಎದುರಿಗೆ ಕೂತು ನೋಡುತ್ತಾರೆ. ಹೋದ ಸೆಮಿಸ್ಟರ್‌ನಲ್ಲಿ ನಿಜವಾಗಿಯೂ ಜ್ವರ ಬಂದಿತ್ತು. ಗೋಡೆ ಹಿಡಿದುಕೊಂಡೇ ತಾಲೀಮಿಗೆ ಬಂದೆ. ಒಳಗೆ ಕಾಲಿಟ್ಟ ಕೂಡಲೇ ಯಾರೋ ಚಪ್ಪಾಳೆ ತಟ್ಟಿದರು. ಸೀನಿಯರ್ ಒಬ್ಬಳು ತಲೆ ಓರೆ ಮಾಡಿ ನೋಡಿ, "ಚೆನ್ನಾಗಿದೆ ಕಣೇ, ಆದ್ರೆ ನಡುಕ ಸ್ವಲ್ಪ ಓವರ್ ಆಯ್ತು. ಕಮ್ಮಿ ಮಾಡು" ಅಂದಳು. ಥರ್ಮಾಮೀಟರ್ ತೋರಿಸಿದೆ. "ಓಹೋ, ಸ್ಟೇಜ್ ಪ್ರಾಪರ್ಟಿ ಬೇರೆ ತಂದಿದೀಯಾ" ಅಂತ ಮೆಚ್ಚಿಕೊಂಡಳು.

ನಮ್ಮ ಕಸುಬಿಗೆ ಇದು ಹಳೆಯ ಶಾಪ. 1673ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ ಮೋಲಿಯೇರ್ ತಾನೇ ಬರೆದ ನಾಟಕವೊಂದರಲ್ಲಿ ಪಾತ್ರ ಮಾಡುತ್ತಿದ್ದ. ಇಲ್ಲದ ಕಾಯಿಲೆಗಳೆಲ್ಲ ತನಗಿವೆ ಅಂದುಕೊಂಡು ಒದ್ದಾಡುವ ಮನುಷ್ಯನ ಪಾತ್ರ ಅದು. ಮಾಡುತ್ತಿದ್ದವನಿಗೆ ಮಾತ್ರ ಕಾಯಿಲೆ ನಿಜವಾಗಿಯೂ ಇತ್ತು. ರಂಗದ ಮೇಲೇ ಆರೋಗ್ಯ ತೀರಾ ಕೆಟ್ಟಿತು. ಹೇಗೋ ನಾಟಕ ಮುಗಿಸಿದ. ಅದೇ ರಾತ್ರಿ ಮನೆಯಲ್ಲಿ ತೀರಿಕೊಂಡ. ನನ್ನ ಸೀನಿಯರ್ ಅವತ್ತು ಮುಂದಿನ ಸಾಲಿನಲ್ಲಿ ಇದ್ದಿದ್ದರೆ, "ಕೆಮ್ಮು ಕಮ್ಮಿ ಮಾಡಿ ಸರ್" ಅಂತ ನೋಟ್ ಕೊಟ್ಟೇ ಕಳಿಸುತ್ತಿದ್ದಳು.

ನೆಂಟರ ಕಾಟ ಇನ್ನೊಂದು ಥರ. ಅವರು ನಂಬದಿರುವುದಷ್ಟೇ ಅಲ್ಲ, ಆರ್ಡರ್ ಕೂಡ ಮಾಡುತ್ತಾರೆ. "ನಾಟಕ ಓದ್ತಿದೀಯಂತೆ? ಎಲ್ಲಿ, ಒಂಚೂರು ಅತ್ತು ತೋರ್ಸು ನೋಡೋಣ." ದಂತವೈದ್ಯಕೀಯ ಓದುವ ನನ್ನ ಚಿಕ್ಕಪ್ಪನ ಮಗನಿಗೆ ಯಾರೂ "ಎಲ್ಲಿ, ನಮ್ಮನೆಯವರದ್ದು ಒಂದು ಹಲ್ಲು ಕಿತ್ತು ತೋರ್ಸು" ಅನ್ನುವುದಿಲ್ಲ. ಅಳುವುದು ನಲ್ಲಿ ತಿರುಗಿಸುವ ಕೆಲಸ ಅಲ್ಲ ಚಿಕ್ಕಪ್ಪ, ಎದುರಿಗಿದ್ದವರ ಮಾತು ಕಿವಿಗೊಟ್ಟು ಕೇಳಿದಾಗ ಬರುವಂಥದ್ದು ಅಂತ ವಿವರಿಸಲು ಹೋದೆ. ಅವರು ಅಷ್ಟರಲ್ಲಿ ಟಿವಿ ಸೌಂಡ್ ಜಾಸ್ತಿ ಮಾಡಿದ್ದರು. ಆಗ ಸ್ವಲ್ಪ ಅಳು ಬಂದಿದ್ದು ನಿಜ. ಅದನ್ನು ಯಾರೂ ನೋಡಲಿಲ್ಲ.

ನಟನೆ ಕಲಿತವರು ಸುಳ್ಳು ಹೇಳುವುದರಲ್ಲಿ ಪಂಟರು ಅಂತ ಜನ ತಿಳಿದುಕೊಂಡಿದ್ದಾರೆ. ಎಲ್ಲಾ ಉಲ್ಟಾ. ರಂಗದ ಮೇಲಿನ ಸುಳ್ಳನ್ನು ಬೇರೆ ಯಾರೋ ಬರೆದಿರುತ್ತಾರೆ. ತಿಂಗಳುಗಟ್ಟಲೆ ತಾಲೀಮು ನಡೆದಿರುತ್ತದೆ. ಎಲ್ಲಿ ನಿಲ್ಲಬೇಕು, ಯಾವಾಗ ತಿರುಗಬೇಕು ಅಂತ ಗೊತ್ತಿರುತ್ತದೆ. ಮುಖದ ಮೇಲೆ ಬೇಕಾದಷ್ಟೇ ಬೆಳಕು ಬೀಳುತ್ತದೆ. ಇಷ್ಟೆಲ್ಲಾ ಇದ್ದರೂ ಆ ಸುಳ್ಳು ಎಷ್ಟೋ ಸಲ ನಿಲ್ಲುವುದಿಲ್ಲ. ಇನ್ನು ತಾಲೀಮು ಇಲ್ಲದೆ, ಬೆಳಗ್ಗೆ ಒಂಬತ್ತು ಗಂಟೆಗೆ, ಟ್ಯೂಬ್‌ಲೈಟ್ ಕೆಳಗೆ ನಿಂತು "ಅಸೈನ್‌ಮೆಂಟ್ ಮನೇಲಿ ಬಿಟ್ಟು ಬಂದೆ ಸರ್" ಅಂತ ಹೇಳುವುದು ನನ್ನಿಂದ ಆಗುತ್ತದೆಯೇ? ಕಿವಿ ಕೆಂಪಾಗುತ್ತದೆ. ಕೈ ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ. ಅರ್ಥಶಾಸ್ತ್ರ ಓದುವ ಹುಡುಗ ಪಕ್ಕದಲ್ಲೇ ನಿಂತು ಅದೇ ವಾಕ್ಯವನ್ನು ಕಣ್ಣು ಮಿಟುಕಿಸದೆ ಹೇಳಿ ಪಾಸಾಗುತ್ತಾನೆ. ನಮ್ಮ ವಿಭಾಗದಲ್ಲಿ ಅಂಥ ಪ್ರತಿಭೆ ನಾನು ಇನ್ನೂ ನೋಡಿಲ್ಲ.

ಹಾಗಾದರೆ ನಾವು ಕಲಿಯುವುದೇನು? ಮುಖ್ಯವಾಗಿ ಬೆಂಚು ಹೊರುವುದು. ಬ್ಲ್ಯಾಕ್‌ಔಟ್‌ನಲ್ಲಿ, ಬರಿಗಾಲಲ್ಲಿ, ಸದ್ದು ಮಾಡದೆ. ನೆಲದ ಮೇಲೆ ಹೊಳೆಯುವ ಟೇಪು ಅಂಟಿಸಿರುತ್ತೇವೆ. ಅದು ಪ್ರತಿ ಸಲವೂ ಬೇರೆ ಯಾರದೋ ಚಪ್ಪಲಿಗೆ ಅಂಟಿಕೊಂಡು ಹೋಗಿರುತ್ತದೆ. ಉಳಿದ ಸಮಯದಲ್ಲಿ ಸೈಡ್ ವಿಂಗ್‌ನಲ್ಲಿ ನಿಂತು ನಮ್ಮ ಎಂಟ್ರಿಗೆ ಕಾಯುತ್ತೇವೆ, ಮತ್ತು ಪಿನ್ನು ಹುಡುಕುತ್ತೇವೆ.

ಮಾತು ಬಾಯಿಪಾಠ ಮಾಡುವುದನ್ನು ಬಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಸುಮ್ನೆ ಗೊಣಗಿದರೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಅದಕ್ಕೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತೇನೆ. ಫೋನಿನಲ್ಲಿ ಮಾತಾಡುತ್ತಿದ್ದಾಳೆ ಅಂದುಕೊಂಡು ಸುಮ್ಮನಿರುತ್ತಾರೆ. ಒಂದು ದಿನ, "ನಿಮಗೋಸ್ಕರ ನಾನು ಎಲ್ಲವನ್ನೂ ಬಿಟ್ಟು ಬಂದೆ. ನೀವು ನನ್ನ ಹೆಸರನ್ನೂ ಮರೆತಿರಿ" ಅನ್ನುವ ಮಾತನ್ನು ಬೇರೆ ಬೇರೆ ಏರಿಳಿತದಲ್ಲಿ ಹೇಳಿ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ತುಂಬಾ ಹೊತ್ತು ತಡೆದುಕೊಂಡರು. ಕೊನೆಗೆ ನನ್ನ ಮೊಣಕೈ ಹಿಡಿದು, "ಅಷ್ಟು ಸಲ ಹೇಳಿದ್ರೂ ಕೇಳ್ದೆ ಇರೋನನ್ನ ಬಿಟ್ಬಿಡಮ್ಮ" ಅಂದರು.

"ಅಯ್ಯೋ ಆಂಟಿ, ಇದು ನಾಟಕ."

"ನಾಟಕಾನೇ ಮತ್ತೆ. ನಮ್ಮನೇಲಿ ನೋಡಿಲ್ವಾ ನಾನು?"

ಅಲ್ಲಿಂದ ಮುಂದಿನ ಪ್ರಯಾಣವೆಲ್ಲ ಅವರ ಮನೆಯ ಕಥೆ. ನನ್ನ ಮಾತು ಬಾಯಿಗೆ ಬರಲಿಲ್ಲ. ಅವರ ಗಂಡನ ಅಕ್ಕನ ಸ್ವಭಾವ ಮಾತ್ರ ಇವತ್ತಿಗೂ ತಪ್ಪಿಲ್ಲದೆ ಒಪ್ಪಿಸಬಲ್ಲೆ.

ಹೊರಗಿನವರಾದರೂ ಪರವಾಗಿಲ್ಲ, ಸಹಪಾಠಿಗಳ ಹತ್ತಿರ ಕಷ್ಟ ಹೇಳಿಕೊಳ್ಳುವುದು ಶುದ್ಧ ದಂಡ. ನಮಗೆ ಇಂಪ್ರೊವೈಸೇಷನ್‌ನಲ್ಲಿ, ಅಂದರೆ ಬರೆದಿಟ್ಟ ಮಾತಿಲ್ಲದೆ ಅಲ್ಲೇ ಹುಟ್ಟಿಸಿಕೊಂಡು ಆಡುವ ಅಭಿನಯದಲ್ಲಿ, ಒಂದು ನಿಯಮ ಕಲಿಸುತ್ತಾರೆ. ಎದುರಿನವರು ಏನೇ ಹೇಳಿದರೂ ಇಲ್ಲ ಅನ್ನಬಾರದು. ಒಪ್ಪಿಕೊಂಡು ಮುಂದುವರಿಸಬೇಕು. ಒಮ್ಮೆ ಪರ್ಸ್ ಕಳೆದುಕೊಂಡು ಓಡಿಬಂದು, "ಲೇ, ನನ್ ಪರ್ಸ್ ಕಾಣ್ತಿಲ್ಲ!" ಅಂದೆ. ತಕ್ಷಣ ಒಬ್ಬ ಇನ್‌ಸ್ಪೆಕ್ಟರ್ ಆದ. ಒಬ್ಬ ಕಳ್ಳನಾದ. ಒಬ್ಬಳು ಪರ್ಸಿನ ತಾಯಿಯಾಗಿ ಎದೆ ಬಡಿದುಕೊಂಡಳು. ದೃಶ್ಯ ನಿಜಕ್ಕೂ ಚೆನ್ನಾಗಿ ಬಂತು. ಕಳ್ಳ ಕಣ್ಣೀರಿಟ್ಟು ತಪ್ಪೊಪ್ಪಿಕೊಂಡ. ಪರ್ಸ್ ಸಿಗಲಿಲ್ಲ.

ಪ್ರೇಕ್ಷಕರ ಬಗ್ಗೆ ಹೇಳದಿದ್ದರೆ ಊಟ ಸೇರುವುದಿಲ್ಲ. ಫೋನ್ ರಿಂಗ್ ಆಗುವುದನ್ನು ನಾನು ಯಾವತ್ತೋ ಕ್ಷಮಿಸಿದ್ದೇನೆ. ರಿಂಗ್ ಆದ ಫೋನ್ ಎತ್ತಿ, "ನಾಟಕದಲ್ಲಿದೀನಿ, ಇಲ್ಲ ಇಲ್ಲ, ಏನಿಲ್ಲ, ಹೇಳು" ಅನ್ನುತ್ತಾರಲ್ಲ, ಅವರನ್ನು ಕ್ಷಮಿಸುವಷ್ಟು ನಾನಿನ್ನೂ ಬೆಳೆದಿಲ್ಲ. ಆದರೆ ನನ್ನನ್ನು ನಿಜವಾಗಿ ಹೆದರಿಸುವುದು ಪ್ರೇಕ್ಷಕರ ನಂಬಿಕೆ. ಕಳೆದ ವರ್ಷದ ಒಂದು ಪ್ರಯೋಗದಲ್ಲಿ ಹಳೇ ಹ್ಯಾಲೊಜನ್ ಲೈಟಿಗೆ ಹಾಕಿದ್ದ ಕೆಂಪು ಜೆಲ್ ಹಾಳೆ ಬಲ್ಬಿನ ಬಿಸಿಗೆ ಸುಟ್ಟು ಹೊಗೆ ಬಂತು. ಲೈಟಿಂಗ್ ನೋಡಿಕೊಳ್ಳುತ್ತಿದ್ದವನು ಒದ್ದೆ ಬಟ್ಟೆ ಹುಡುಕುತ್ತಾ ಓಡಾಡುತ್ತಿದ್ದ. ಜನ ಮುಂದಕ್ಕೆ ಬಾಗಿ ಕೂತರು. ಒಬ್ಬರಂತೂ "ಎಫೆಕ್ಟ್ ನೋಡು, ವಾಸನೆನೂ ಇಟ್ಟಿದಾರೆ" ಅಂದಿದ್ದು ನನಗೇ ಕೇಳಿಸಿತು.

1613ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲೂ ಇದೇ ಆಗಿತ್ತು. ನಾಟಕದಲ್ಲಿ ರಾಜ ಬರುವಾಗ ಫಿರಂಗಿ ಹಾರಿಸಿದರು. ಕಿಡಿ ಹೋಗಿ ಹುಲ್ಲಿನ ಚಾವಣಿಗೆ ಬಿತ್ತು. ಮೊದಲಿಗೆ ಹೊಗೆ ಕಂಡಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲವಂತೆ. ಎಲ್ಲರ ಕಣ್ಣೂ ನಾಟಕದ ಮೇಲಿತ್ತು. ಇಡೀ ರಂಗಮಂದಿರ ಸುಟ್ಟುಹೋಯಿತು. ಜನ ಪಾರಾದರು. ಒಬ್ಬ ಮನುಷ್ಯನ ಚಡ್ಡಿಗೆ ಬೆಂಕಿ ಹತ್ತಿಕೊಂಡಿತ್ತು, ಬಾಟಲಿಯಲ್ಲಿದ್ದ ಬಿಯರ್ ಸುರಿದು ಆರಿಸಿಕೊಂಡರು ಅಂತ ಆ ಕಾಲದ ಪತ್ರವೊಂದರಲ್ಲಿ ಬರೆದಿದ್ದಾರೆ. ಆ ಮನುಷ್ಯ "ಬೆಂಕಿ, ಬೆಂಕಿ" ಅಂತ ಕೂಗಿದಾಗ ಪಕ್ಕದವರು ಎಷ್ಟು ಹೊತ್ತು ಸುಮ್ಮನೆ ನೋಡಿದರೋ ಪಾಪ.

ಇಷ್ಟಾದರೂ ನನ್ನ ದೊಡ್ಡ ದುಃಖ ಅಂದರೆ ಹೆಣದ ಪಾತ್ರ.

ಈ ಸೆಮಿಸ್ಟರ್‌ನ ನಾಟಕದಲ್ಲಿ ನಾನು ಪರದೆ ತೆಗೆಯುವ ಮೊದಲೇ ಸತ್ತಿರುವ ಅಜ್ಜಿ. ನನ್ನನ್ನು ಮಧ್ಯದಲ್ಲಿ ಮಲಗಿಸಿಕೊಂಡು ಮಕ್ಕಳೆಲ್ಲ ಆಸ್ತಿಗಾಗಿ ಕಿತ್ತಾಡುತ್ತಾರೆ. ಸುಲಭ ಅಂತ ನೀವು ಅಂದುಕೊಂಡಿರಿ. ಜೀವ ಇರುವ ಪಾತ್ರದಲ್ಲಿ ಕೆಮ್ಮಬಹುದು, ಮಾತು ಮರೆತರೆ ಕಿಟಕಿ ಕಡೆ ಹೋಗಿ ಹೊರಗೆ ನೋಡಬಹುದು. ಹೆಣಕ್ಕೆ ಯಾವ ಸೌಲಭ್ಯವೂ ಇಲ್ಲ. ಹೊಟ್ಟೆ ಏಳುವುದು ಕಾಣಬಾರದು. ಅದಕ್ಕೆ ಉಳಿದವರು ಜೋರಾಗಿ ಕೂಗಾಡುವಾಗ ಉಸಿರು ಎಳೆದುಕೊಳ್ಳಬೇಕು, ಆಗ ಯಾರೂ ನನ್ನನ್ನು ನೋಡುವುದಿಲ್ಲ. ಇದರಿಂದ ಒಂದು ತೊಂದರೆ ಇದೆ. ಎರಡನೇ ಮಗನ ಪಾತ್ರಧಾರಿ ನಡುವೆ ಒಂದು ದೀರ್ಘ ಮೌನ ಇಟ್ಟುಕೊಂಡಿದ್ದಾನೆ. ಅವನಿಗೆ ಆ ಮೌನ ತುಂಬಾ ಇಷ್ಟ. ದಿನೇ ದಿನೇ ಉದ್ದ ಮಾಡುತ್ತಿದ್ದಾನೆ. ದೊಡ್ಡ ಮಗ ನನ್ನ ಮೇಲೆ ಬಿದ್ದು ಅಳುವವನು. ಅಳು ಚೆನ್ನಾಗಿ ಬರುವುದಿಲ್ಲ. ಬೆವರು ಧಾರಾಳವಾಗಿ ಬರುತ್ತದೆ, ನೇರ ನನ್ನ ಮೂಗಿನ ಮೇಲೆ.

ಮೊದಲ ಪ್ರಯೋಗದ ದಿನ, ಆ ದೀರ್ಘ ಮೌನದ ನಡುವೆಯೇ, ನನ್ನ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಕೂಗುವ ಹಾಗಿಲ್ಲ, ಕಾಲು ಚಾಚುವ ಹಾಗಿಲ್ಲ. ಹಲ್ಲು ಕಚ್ಚುವ ಹಾಗೂ ಇಲ್ಲ, ದವಡೆ ಕಾಣುತ್ತದೆ. ತಡೆದೆ. ಮುಚ್ಚಿದ ಕಣ್ಣಿನಿಂದ ಒಂದೇ ಒಂದು ಹನಿ ಜಾರಿ ಕೆನ್ನೆಗೆ ಬಂತು. ಸ್ಪಾಟ್‌ಲೈಟ್ ಸರಿಯಾಗಿ ಅಲ್ಲೇ ಬಿದ್ದಿತ್ತು.

ನಾಟಕ ಮುಗಿದ ಮೇಲೆ ನಾನು ಕುಂಟುತ್ತಾ ಗ್ರೀನ್ ರೂಮಿಗೆ ಹೋಗುವಷ್ಟರಲ್ಲಿ ಹಿರಿಯರೊಬ್ಬರು ನಮ್ಮ ನಿರ್ದೇಶಕರ ಕೈ ಹಿಡಿದುಕೊಂಡಿದ್ದರು. "ಸತ್ತ ಮೇಲೂ ತಾಯಿ ಕರುಳು ಅಳುತ್ತೆ ಅನ್ನೋದನ್ನ ಎಂಥಾ ಸೂಕ್ಷ್ಮವಾಗಿ ತೋರಿಸಿಬಿಟ್ರಿ ಸರ್!" ನಿರ್ದೇಶಕರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಗಡ್ಡ ನೀವಿಕೊಂಡು, "ಅದಕ್ಕೆ ಬಹಳ ಕೆಲಸ ಮಾಡಿದೀವಿ" ಅಂದರು. ಕಾಲು ಸೆಳೆತ ಅಂತ ನಾನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ನಿರ್ದೇಶಕರ ನೋಟ್ ಬಂತು: "ಆ ಹನಿ ದಿನಾ ಬೇಕು. ಎಡಗಣ್ಣು."

ಈಗ ಶಾಸ್ತ್ರದ ಮೊರೆ ಹೋಗಬೇಕಾಯಿತು. ರಷ್ಯಾದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ನಟನಿಗೆ ತನ್ನದೇ ಬದುಕಿನ ಭಾವನೆಗಳ ನೆನಪನ್ನು ಬಳಸಲು ಕಲಿಸಿದ. ಹೆಣವಾಗಿ ಮಲಗಿ ಹಳೇ ದುಃಖಗಳನ್ನೆಲ್ಲ ನೆನೆಸಿಕೊಂಡೆ. ನಿದ್ದೆ ಬಂತು. ಅದೇ ಸ್ತಾನಿಸ್ಲಾವ್‌ಸ್ಕಿ ಕೊನೆಯ ವರ್ಷಗಳಲ್ಲಿ ದೈಹಿಕ ಕ್ರಿಯೆಗೆ ಹೆಚ್ಚು ಒತ್ತು ಕೊಟ್ಟ. ನಾನು ಈ ಎರಡನೆಯವನ ಪಕ್ಷ. ಕಾಲ್ಬೆರಳನ್ನು ಬಿಗಿಯಾಗಿ ಮಡಚಿ ಹಿಡಿದರೆ ಸೆಳೆತ ತಾನಾಗೇ ಬರುತ್ತದೆ. ಫ್ರಾನ್ಸಿನ ಲೇಖಕ ದಿದೆರೋ ಮಾತ್ರ ದೊಡ್ಡ ನಟ ತಾನು ಭಾವನೆಯಲ್ಲಿ ಮುಳುಗಬಾರದು, ತಣ್ಣಗಿರಬೇಕು ಅಂತ ವಾದಿಸಿದ್ದ. ಆ ಬರಹ ಅಚ್ಚಾಗಿದ್ದು ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ, 1830ರಲ್ಲಿ. ಅವನು ಹೆಣದ ಪಾತ್ರವನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದನೋ ಇಲ್ಲವೋ, ತಣ್ಣಗಿರುವುದು ನಮಗೆ ಮೊದಲ ಪಾಠವೇ. ನನಗೆ ಸಮಾಧಾನ ಸಿಕ್ಕಿದ್ದು ನಾಟ್ಯಶಾಸ್ತ್ರದಲ್ಲಿ. ಭರತಮುನಿ ಎಂಟು ಸಾತ್ವಿಕ ಭಾವಗಳನ್ನು, ಅಂದರೆ ಒಳಗಿನ ಭಾವ ಮೈಮೇಲೆ ಕಾಣುವ ಬಗೆಗಳನ್ನು, ಹೇಳಿದ್ದಾನೆ. ಅದರಲ್ಲಿ ಸ್ತಂಭ, ಅಂದರೆ ಮೈ ಮರಗಟ್ಟುವುದು, ನನ್ನ ಹತ್ತಿರ ಇತ್ತು. ಅಶ್ರು ಇತ್ತು. ಪ್ರಳಯ, ಅಂದರೆ ಪ್ರಜ್ಞೆ ತಪ್ಪುವುದು, ಅದಂತೂ ಪಾತ್ರದಲ್ಲೇ ಇತ್ತು. ಸ್ವೇದ, ಅಂದರೆ ಬೆವರು, ದೊಡ್ಡ ಮಗನದ್ದು, ಆದರೆ ಕಂಡಿದ್ದು ನನ್ನ ಮುಖದ ಮೇಲೆ. ಎಂಟರಲ್ಲಿ ನಾಲ್ಕು. ಹೆಣವೊಂದು ಇದಕ್ಕಿಂತ ಜಾಸ್ತಿ ಏನು ಮಾಡಬೇಕು ಹೇಳಿ?

ಪ್ರಾಯೋಗಿಕ ಪರೀಕ್ಷೆಯ ಅಂಕಪಟ್ಟಿ ಬಂತು. ಸಂಭಾಷಣೆ: ಸೊನ್ನೆ. ಚಲನೆ: ಸೊನ್ನೆ. ನಮೂನೆ ಎಲ್ಲರಿಗೂ ಒಂದೇ, ಹೆಣಕ್ಕೆ ಬೇರೆ ಕಾಲಂ ಇಲ್ಲ. ಕಚೇರಿಗೆ ಹೋದೆ. ಅವತ್ತು ನನಗೆ ನೆಗಡಿ ಬೇರೆ.

"ಅಳಬೇಡಿ ಮೇಡಂ" ಅಂದರು ಗುಮಾಸ್ತರು, ತಲೆ ಎತ್ತದೆ. "ನೀವು ನಾಟಕ ವಿಭಾಗದವ್ರು ಅಂತ ಗೊತ್ತು ನಂಗೆ."

"ಅಳ್ತಿಲ್ಲ ಸರ್, ನೆಗಡಿ."

"ಹ್ಞಾಂ, ಅದೇ. ಯಾವ ಪಾತ್ರ ನಿಮ್ಮದು?"

"ಹೆಣ."

ಈಗ ತಲೆ ಎತ್ತಿದರು. ಮಾಡಿದ್ದಕ್ಕೆ ದಾಖಲೆ ಏನಿದೆ ಅಂತ ಕೇಳಿದರು. ಫೋನಿನಲ್ಲಿದ್ದ ವಿಡಿಯೊ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಎರಡನೇ ಮಗನ ಇಡೀ ಮೌನವನ್ನೂ ಸೇರಿಸಿ, ಶ್ರದ್ಧೆಯಿಂದ ನೋಡಿದರು. ಹನಿ ಜಾರುವಲ್ಲಿ ನಿಲ್ಲಿಸಿದರು. ಹಿಂದೆ ತಳ್ಳಿ ಮತ್ತೆ ನೋಡಿದರು.

"ಏನಮ್ಮಾ, ಇಲ್ಲಿ ಕಾಲು ಹಿಡ್ಕೊಂಡಿತ್ತಾ?"

ನಾನು ಅವರ ಮೇಜಿನ ಮೇಲೆ ಎರಡೂ ಕೈ ಊರಿಕೊಂಡು ಹೌದು ಅಂದೆ. ಈ ಸಲ ನೆಗಡಿ ಅಲ್ಲ.

"ಗೊತ್ತಾಗುತ್ತೆ" ಅಂದರು. "ಹೆಣ ಎಲ್ಲಾದ್ರೂ ಅಳುತ್ತಾ? ಮಾರ್ಕ್ಸ್ ಸರಿಯಾಗೇ ಕೊಟ್ಟಿದಾರೆ ಬಿಡಿ."