ಉಪದೇಶಿಗಳನ್ನು ಮರೆತ ನಮ್ಮ ನೆನಪುಗಳು

ನಮ್ಮ ಕಥೋಲಿಕ ದೇವಾಲಯದ ಬಾಗಿಲ ಪಕ್ಕದಲ್ಲಿ, ಈವರೆಗೆ ಸೇವೆ ಸಲ್ಲಿಸಿದ ಗುರುಗಳ ಹೆಸರುಗಳನ್ನು ಇಸವಿ ಸಹಿತ ಕೆತ್ತಿದ ಕಲ್ಲೊಂದಿದೆ. ಹಳೆಯ ಕಾಲದ ಚರ್ಚ್ ಜೀವನದ ಬಗ್ಗೆ ನಮ್ಮವರು ಬರೆಯುವ ನೆನಪುಗಳೂ ಹೆಚ್ಚುಕಡಿಮೆ ಆ ಕಲ್ಲಿನಂತೆಯೇ ಇರುತ್ತವೆ: ಬುಲೆಟ್ಟಿನಲ್ಲಿ ಬರುತ್ತಿದ್ದ ಸ್ವಾಮಿಯವರು (ಪಾದ್ರಿಗಳು), ಲ್ಯಾಟಿನ್ ಪೂಜೆ, ಸೆಪ್ಟೆಂಬರ್ 8ರಂದು ಶಿವಾಜಿನಗರದಲ್ಲಿ ನಡೆಯುವ ಮರಿಯಾ ಮಾತೆಯ ತೇರು. ಅವುಗಳಲ್ಲಿ ಉಪದೇಶಿಗಳ, ಅಂದರೆ ಗುರುಗಳಲ್ಲದಿದ್ದರೂ ಊರಿನಲ್ಲೇ ಇದ್ದು ಪ್ರಾರ್ಥನೆ, ಧರ್ಮಪಾಠ ನಡೆಸುತ್ತಿದ್ದವರ ಸುಳಿವೇ ಇರುವುದಿಲ್ಲ. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಆಗ ಹಳ್ಳಿಯಾಗಿದ್ದು ಈಗ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿರುವ ಊರಿನಲ್ಲಿ ಬೆಳೆದ ನಾನು, ನಮ್ಮ ಧರ್ಮಕೇಂದ್ರವನ್ನು (ಪ್ಯಾರಿಶ್) ನಿಜವಾಗಿ ನಡೆಸಿದವರು ಉಪದೇಶಿಗಳೇ ಎಂದು ಹೇಳಲು ಹಿಂಜರಿಯುವುದಿಲ್ಲ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆ ಹೊಡೆಯುತ್ತಿದ್ದವರು ಅವರು. ಸ್ವಾಮಿಯವರು ಬೇರೆ ಊರುಗಳಿಗೆ ಹೋಗಿದ್ದಾಗ ಸಾವು ಸಂಭವಿಸಿದರೆ ಹೆಣದ ಮುಂದೆ ಜಪ ಹೇಳಿ ಮಣ್ಣು ಮಾಡಿಸುತ್ತಿದ್ದವರೂ ಅವರೇ. ಸುಗ್ಗಿಯಾದ ಮೇಲೆ ಮನೆಮನೆಯಿಂದ ಬರುತ್ತಿದ್ದ ರಾಗಿಯೇ ಅವರ ಸಂಬಳದ ದೊಡ್ಡ ಪಾಲು. ‘ನಮ್ಮನ್ನು ಸೃಷ್ಟಿಸಿದವರು ಯಾರು?’ ಎಂಬ ಪ್ರಶ್ನೆಗೆ ‘ಸರ್ವೇಶ್ವರ’ ಎಂದು ಹೇಳಲು ತಡವರಿಸಿದ ಹುಡುಗರ ಅಂಗೈಗೆ ಹುಣಸೆ ಬರಲಿನ ಏಟು ಬೀಳುತ್ತಿತ್ತು. ಆ ಏಟನ್ನು ನಾನೂ ತಿಂದಿದ್ದೇನೆ, ಅದನ್ನು ಪ್ರೀತಿಯೆಂದು ಬಣ್ಣಿಸುವ ಉದ್ದೇಶ ನನಗಿಲ್ಲ.

ಜಗತ್ತಿನ ಬಿಷಪರೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಗೂ ಮೊದಲಿನ ಪೂಜೆಯನ್ನು ನಾನು ಕಂಡವನಲ್ಲ, ಅಮ್ಮನಿಂದ ಕೇಳಿದವನು. ಸ್ವಾಮಿಯವರು ಜನರಿಗೆ ಬೆನ್ನು ಮಾಡಿ ಲ್ಯಾಟಿನ್ನಿನಲ್ಲಿ ಮೆಲುದನಿಯಲ್ಲಿ ಪೂಜೆ ಅರ್ಪಿಸುತ್ತಿದ್ದರೆ, ಇತ್ತ ಉಪದೇಶಿಗಳು ಗಟ್ಟಿಯಾಗಿ ‘ನಮೋ ಮರಿಯಾ’ ಶುರುಮಾಡುತ್ತಿದ್ದರಂತೆ, ಜನ ಅದನ್ನು ಮುಗಿಸುತ್ತಿದ್ದರಂತೆ. ಒಂದೇ ಸೂರಿನಡಿ ಎರಡು ಪ್ರಾರ್ಥನೆಗಳು. ಆ ಮಹಾಸಭೆ 1962ರಿಂದ 1965ರವರೆಗೆ ನಡೆದು ಜನಭಾಷೆಗೆ ಬಾಗಿಲು ತೆರೆಯಿತು. 1967ರಲ್ಲಿ ಇದೇ ಬೆಂಗಳೂರಿನಲ್ಲಿ ಅಮಲೋರ್‌ಪವದಾಸ್ ಸ್ವಾಮಿಯವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಆರಾಧನಾ ಕೇಂದ್ರ ಆರಂಭವಾಯಿತು, 1969ರಲ್ಲಿ ಆರತಿ, ನೆಲದ ಮೇಲೆ ಕುಳಿತು ಪೂಜೆ ಮುಂತಾದ 12 ಅಂಶಗಳಿಗೆ ರೋಮಿನ ಒಪ್ಪಿಗೆಯೂ ದೊರೆಯಿತು. ಆರಾಧನೆಯನ್ನು ಈ ನೆಲದ್ದಾಗಿಸುವುದು ಹೇಗೆಂದು ಪಂಡಿತರು ಚರ್ಚಿಸಿದ್ದು ಒಳ್ಳೆಯದೇ. ಆದರೆ ಸೋಬಾನೆಯ ಧಾಟಿಯಲ್ಲಿ ಮಾತೆಯ ಹಾಡು ಹಾಡಿಸುತ್ತಿದ್ದ ನಮ್ಮ ಉಪದೇಶಿಗಳನ್ನು ಯಾರಾದರೂ ಕೇಳಿದ್ದರೇ ಎಂಬ ಅನುಮಾನ ನನಗಿದೆ.

ಆ ಕಾಲವೇ ಚೆನ್ನಾಗಿತ್ತು ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಹೆಂಗಸರು ಸೆರಗು ಹೊದ್ದು ಒಂದು ಬದಿಯಲ್ಲಿ ಕೂರಬೇಕಿತ್ತು, ಪೀಠದ ಬಳಿ ಕಸ ಗುಡಿಸಲು ಹೋಗಬಹುದಾಗಿದ್ದ ಅಮ್ಮ ಅಲ್ಲಿ ನಿಂತು ಬೈಬಲ್ ವಾಚನ ಓದುವಂತಿರಲಿಲ್ಲ. ಇಂದು ನನ್ನ ಸೊಸೆ ಓದುತ್ತಾಳೆ. ಆರೂವರೆಗೆ ಕನ್ನಡ, ಎಂಟಕ್ಕೆ ಇಂಗ್ಲಿಷ್, ಸಂಜೆ ತಮಿಳು ಎಂದು ಹಂಚಿಹೋದ ಭಾನುವಾರದಲ್ಲಿ ಪಕ್ಕದಲ್ಲಿ ಕೂತವರು ಯಾರ ಮಗ ಎಂದು ಗೊತ್ತಿರುವವರು ಮಾತ್ರ ಕಡಿಮೆಯಾಗಿದ್ದಾರೆ. ನಮ್ಮ ಉಪದೇಶಿಗಳು ತೀರಿಕೊಂಡ ಮೇಲೆ ಆ ಜಾಗಕ್ಕೆ ಯಾರನ್ನೂ ನೇಮಿಸಲಿಲ್ಲ. ಅವರಿದ್ದ ಮನೆ ಈಗ ಬೈಕ್ ನಿಲ್ಲಿಸುವ ಸ್ಥಳ.

ಕಳೆದ ವರ್ಷ ತಂದೆಯವರ ಜ್ಞಾನಸ್ನಾನದ (ಬ್ಯಾಪ್ಟಿಸಮ್ಮಿನ) ಪತ್ರ ಬೇಕಾಗಿ ಕಚೇರಿಗೆ ಹೋಗಿದ್ದೆ. ಕಂಪ್ಯೂಟರಿನಲ್ಲಿ ‘ರಾಯಪ್ಪ’ ಎಂದು ಹುಡುಕಿದ ಹುಡುಗ ಅಂಥ ಹೆಸರೇ ಇಲ್ಲವೆಂದ. ಹಳೆಯ ಪುಸ್ತಕ ತೆರೆಸಿದೆ. ಅದು 1934ರದು, ಬೆಂಗಳೂರು ಇನ್ನೂ ಮೈಸೂರು ಬಿಷಪರ ಆಡಳಿತದ ಧರ್ಮಕ್ಷೇತ್ರಕ್ಕೆ ಸೇರಿದ್ದ ಕಾಲದ್ದು (ನಮಗೆ ಪ್ರತ್ಯೇಕ ಧರ್ಮಕ್ಷೇತ್ರವಾದದ್ದು 1940ರಲ್ಲಿ). ಫ್ರೆಂಚ್ ಸ್ವಾಮಿಯವರ ಕೈಬರಹದಲ್ಲಿ ಎಲ್ಲವೂ ಲ್ಯಾಟಿನ್. ನಮ್ಮಲ್ಲಿ ಪೇತ್ರ ರಾಯಪ್ಪನಾಗುತ್ತಾನೆ, ಪೌಲ ಚಿನ್ನಪ್ಪ, ಇಗ್ನಾಸಿಯು ಇನ್ನಾಸಪ್ಪ, ಕ್ಸೇವಿಯರ್ ಚೌರಪ್ಪ. ಪುಸ್ತಕದಲ್ಲಾದರೋ ಪೆತ್ರುಸ್‌ಗಳೇ ಮೂವರು. ಯಾವ ಪೆತ್ರುಸ್ ನನ್ನ ತಂದೆ ಎಂದು ಬೆರಳಾಡಿಸುತ್ತಿದ್ದಾಗ ಎರಡನೆಯವನ ಪಕ್ಕದ ಅಂಚಿನಲ್ಲಿ ಪೆನ್ಸಿಲ್ಲಿನ ದುಂಡಕ್ಷರ ಕಾಣಿಸಿತು: ‘ಬಾವಿಮನೆ ರಾಯಪ್ಪ’. ನನ್ನ ಧರ್ಮೋಪದೇಶದ ನೋಟ್‌ಬುಕ್ಕನ್ನು ತಿದ್ದಿದ ಅಕ್ಷರವೂ ಅದೇ ಆಗಿತ್ತು.