ಧಾರವಾಡ ಬಿಟ್ಟು ಎಲ್ಲವೂ ಸಿಗುವ ರೇಡಿಯೊ

ನಮ್ಮ ಅಪ್ಪನ ಪ್ರಕಾರ ರೇಡಿಯೊ ಎಂದರೆ ಧಾರವಾಡ. 765 ಕಿಲೋಹರ್ಟ್ಸ್‌ನಲ್ಲಿ ವಾರ್ತೆ, ರೈತರ ಕಾರ್ಯಕ್ರಮ, ನಡುವೆ ಒಂದಿಷ್ಟು ವಚನ ಬಂದರೆ ಅದು ರೇಡಿಯೊ, ಬರದಿದ್ದರೆ ಬರೀ ಡಬ್ಬಿ. ಹೀಗಾಗಿ ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಹೆಬ್ಬೆರಳಿನಷ್ಟು ದೊಡ್ಡದಾದ ಎಸ್‌ಡಿಆರ್ ಡಾಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚಿ ಸಾಫ್ಟ್‌ವೇರಿನಿಂದ ನಡೆಸುವ ರೇಡಿಯೊ, ಬಂದಾಗ ಅವರ ಮೊದಲ ಮಾತು, "ತಮ್ಮಾ, ಧಾರವಾಡ ಹಚ್ಚು."

ಹಚ್ಚಲು ಬರುವುದಿಲ್ಲ ಎನ್ನುವ ಧೈರ್ಯವಾಗದೆ ಇತಿಹಾಸ ಹೇಳತೊಡಗಿದೆ. ಈ ಡಾಂಗಲ್ ಮೂಲತಃ ಕಂಪ್ಯೂಟರಿನಲ್ಲಿ ಟಿವಿ ನೋಡಲೆಂದು ಮಾಡಿದ್ದು. ಒಳಗಿನ ಚಿಪ್ ಹಿಡಿದ ಅಲೆಗಳನ್ನು ಅಂಕಿಗಳಾಗಿಸಿ ಹಾಗೆಯೇ ಕಂಪ್ಯೂಟರಿಗೆ ಸುರಿಯಬಲ್ಲದು ಎಂಬ ಸಂಗತಿಯನ್ನು 2012ರ ಸುಮಾರಿಗೆ ಹವ್ಯಾಸಿಗಳು ಬಯಲಿಗೆಳೆದರು. ಅಲ್ಲಿಂದ ಮುಂದೆ ಸೋಸುವುದು, ಬಿಡಿಸುವುದು, ಧ್ವನಿ ಮಾಡುವುದು ಎಲ್ಲ ಸಾಫ್ಟ್‌ವೇರಿನ ಪಾಲು. ಸುಮಾರು 24ರಿಂದ 1,700 ಮೆಗಾಹರ್ಟ್ಸ್‌ವರೆಗೆ ಎಫ್‌ಎಂ, ಉಪಗ್ರಹ, ವಿಮಾನ, ಏನು ಬೇಕಾದರೂ ಹಿಡಿಯಬಹುದು.

"ನಿನ್ನ ಲೆಕ್ಕದಲ್ಲಿ ಧಾರವಾಡ ಎಷ್ಟರಲ್ಲಿದೆ?"

"0.765 ಮೆಗಾಹರ್ಟ್ಸ್‌ನಲ್ಲಿ."

"ಅಂದರೆ ಆಕಾಶದ್ದೆಲ್ಲ ಬರುತ್ತದೆ, ಆಕಾಶವಾಣಿ ಬರುವುದಿಲ್ಲ."

ಅದಕ್ಕೂ ಉಪಾಯವಿದೆ. ಕೆಳಗಿನ ಅಲೆಯನ್ನು 125 ಮೆಗಾಹರ್ಟ್ಸ್‌ನಷ್ಟು ಮೇಲಕ್ಕೆತ್ತಿ ಡಾಂಗಲ್‌ನ ಕೈಗೆ ಕೊಡುವ ಇನ್ನೊಂದು ಪೆಟ್ಟಿಗೆ ಸಿಗುತ್ತದೆ. ಅದನ್ನು ಕೊಂಡ ಮೇಲೆ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಮೂರೂ ಸೇರಿ ಎಬ್ಬಿಸುವ ಗೊರಗೊರ ಸದ್ದಿನೊಳಗೆ ಧಾರವಾಡವನ್ನು ಹುಡುಕಬೇಕು. ಅಷ್ಟರಲ್ಲಿ ಕಿಟಕಿಯಲ್ಲಿದ್ದ ಎರಡು ಸೆಲ್ಲಿನ ಟ್ರಾನ್ಸಿಸ್ಟರ್ ಜೋಳದ ಬೆಳೆಗೆ ಬಂದ ರೋಗದ ಬಗ್ಗೆ ಅಪ್ಪನಿಗೆ ಸ್ಪಷ್ಟವಾಗಿ ಹೇಳಿ ಮುಗಿಸಿತ್ತು.

ನಾನು ಉಪಗ್ರಹದತ್ತ ತಿರುಗಿದೆ. 137 ಮೆಗಾಹರ್ಟ್ಸ್‌ನಲ್ಲಿ ಮೋಡದ ಚಿತ್ರ ಕಳಿಸುತ್ತಿದ್ದ ಅಮೆರಿಕದ ಹಳೆಯ ನೋವಾ ಉಪಗ್ರಹಗಳಿಗಾಗಿ 53 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಸರಳು ಕತ್ತರಿಸಿ ಮಾಳಿಗೆಯ ಮೇಲೆ ಆಂಟೆನಾ ಕಟ್ಟುವಷ್ಟರಲ್ಲಿ, ಉಳಿದಿದ್ದ ಮೂರನ್ನೂ ಅವರು 2025ರಲ್ಲಿ ನಿಲ್ಲಿಸಿಬಿಟ್ಟರು. ರಷ್ಯಾದ ಹವಾಮಾನ ಉಪಗ್ರಹ ಮೆಟಿಯೋರ್ ಕೈಬಿಡಲಿಲ್ಲ. ಚಿತ್ರ ನೋಡಿದ ಕಾಕಾ ತಮ್ಮ ಹೊಲ ಎಲ್ಲಿದೆ ಎಂದು ಕೇಳಿದರು. ಚಿತ್ರದ ಒಂದು ಚುಕ್ಕೆ ಎಂದರೆ ಸುಮಾರು ಒಂದು ಕಿಲೋಮೀಟರ್. ಕಾಕಾನ ಹೊಲ ಎರಡೂವರೆ ಎಕರೆ. ಅವ್ವ ಆ ಸರಳುಗಳ ಮೇಲೆ ಟವೆಲ್ ಒಣಹಾಕಿದಳು.

ಉಳಿದದ್ದು ವಿಮಾನ. ವಿಮಾನಗಳು 1090 ಮೆಗಾಹರ್ಟ್ಸ್‌ನಲ್ಲಿ ತಮ್ಮ ಗುರುತು, ಎತ್ತರ, ವೇಗ, ಇರುವ ಜಾಗ ಎಲ್ಲವನ್ನೂ ಯಾರೂ ಕೇಳದಿದ್ದರೂ ಸಾರಿಕೊಂಡು ಹೋಗುತ್ತವೆ. ಇಂಥ ಬಾಯಿಬಡುಕತನ ಅವ್ವನಿಗೆ ಬಹಳ ಹಿಡಿಸಿತು. ಅಕ್ಕ ಬೆಂಗಳೂರಿನಿಂದ ಬೆಳಗಾವಿಯ ಅತ್ತೆಯ ಮನೆಗೆ ವಿಮಾನದಲ್ಲಿ ಹೊರಟ ದಿನ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಹುಬ್ಬಳ್ಳಿ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಎತ್ತರದ ಅಂಕಿ ಇಳಿಯತೊಡಗಿತು. 12,000 ಅಡಿ. 9,000. 6,500. ಆಮೇಲೆ ವಿಮಾನವೇ ಇಲ್ಲ.

"ಬಿತ್ತು!" ಎಂದು ಅವ್ವ ಎದ್ದು ನಿಂತಳು.

ಈ ಸಂಕೇತ ನೇರ ದಾರಿಯಲ್ಲಷ್ಟೇ ಬರುತ್ತದೆ, ಭೂಮಿ ಗುಂಡಗಿದೆ, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ವಿಮಾನ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಇಳಿಯುವಾಗ ನಮ್ಮ ಮಾಳಿಗೆಗೆ ಮರೆಯಾಗಲೇಬೇಕು ಎಂದು ನಾನು ವಿವರಿಸುತ್ತಿದ್ದೆ. ಮಗಳ ವಿಮಾನ ಕಾಣದಾದಾಗ ಭೂಮಿಯ ಆಕಾರದ ಬಗ್ಗೆ ಕೇಳಿಸಿಕೊಳ್ಳುವ ತಾಯಿಯನ್ನು ನಾನಂತೂ ಕಂಡಿಲ್ಲ. ಅಕ್ಕನ ಮೊಬೈಲ್ ಸ್ವಿಚ್ ಆಫ್ ಆಗಿತ್ತು. ಪಕ್ಕದ ಮನೆಯವರು ಬಂದರು, ಅವರ ಹಿಂದೆ ಓಣಿಯ ಅರ್ಧ ಜನ ಬಂದರು. ಅವ್ವ ಬಾದಾಮಿಯ ಬನಶಂಕರಿಗೆ ಹಸಿರು ಸೀರೆಯ ಹರಕೆ ಹೊತ್ತಳು. ಸ್ವಲ್ಪ ಹೊತ್ತಿಗೆ ಅದಕ್ಕೆ ಬೆಳ್ಳಿಯ ಕಣ್ಣುಗಳನ್ನೂ ಸೇರಿಸಿದಳು. ಅಷ್ಟರಲ್ಲಿ ಅಕ್ಕನೇ ಫೋನ್ ಮಾಡಿ, ಬ್ಯಾಗ್ ಇನ್ನೂ ಬಂದಿಲ್ಲ ಎಂದು ಬೇಸರದಿಂದ ಹೇಳಿದಳು.

ಸೀರೆ, ಬೆಳ್ಳಿಯ ಕಣ್ಣು, ಮನೆಮಂದಿಯೆಲ್ಲ ಬಾದಾಮಿಗೆ ಹೋಗಿ ಬರಲು ಗಾಡಿಯ ಬಾಡಿಗೆ, ಎಲ್ಲ ಕೂಡಿಸಿದರೆ ಡಾಂಗಲ್‌ನ ಬೆಲೆಯ ಹಲವು ಪಟ್ಟಾಯಿತು. ಅಪ್ಪ ಅದಷ್ಟನ್ನೂ ಡೈರಿಯಲ್ಲಿ "ರೇಡಿಯೊ ಖರ್ಚು" ಎಂದು ಬರೆದಿಟ್ಟಿದ್ದಾರೆ.